ಹಳೆಯ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ದುರಸ್ತಿ ಮತ್ತು ಅದರ ವೆಚ್ಚ

ವಾಹನವು ಹಳೆಯದಾದಂತೆ ಅದನ್ನು ಕೊಳ್ಳುವ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ನಡೆಸಿಕೊಂಡು ಹೋಗುವ ವೆಚ್ಚ ಏರುತ್ತದೆ. ವೇಗಕ್ಕೆಂದು ರಚಿತವಾದ ವಾಹನಗಳಲ್ಲಿ ಈ ಏರಿಕೆ ಇನ್ನೂ ತೀವ್ರವಾದುದು. ಮೈಸೂರಿನಲ್ಲಿಯೇ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಈ ವೆಚ್ಚವು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಿದೆ.

ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯ ಮೇರೆಗೆ ಐಡಿಯಲ್ ಜಾವಾ ಕಂಪೆನಿಯು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1973ರಿಂದ ಈ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1978ರ ರೋಡ್‌ಕಿಂಗ್ ಮಾದರಿಯು 16 ಅಶ್ವಶಕ್ತಿಯುಳ್ಳದ್ದಾಗಿ, ತನ್ನ ಕಾಲದಲ್ಲಿ ವೇಗಕ್ಕೆ ಹೆಸರಾಗಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮತ್ತೆ ಬಳಕೆಗೆ ಬಂದುವಾದರೂ, ಆ ಹೊಸ ವಾಹನಗಳ ಇಂಜಿನು ನಾಲ್ಕು ಸ್ಟ್ರೋಕಿನದು. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳೆರಡೂ ಕೋಳಿಕ್ಕೋಡಿನಿಂದ ಮೈಸೂರಿನ ಮೂಲಕ ಕೊಳ್ಳೇಗಾಲಕ್ಕೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಹೆದ್ದಾರಿಯನ್ನು ಬಿಟ್ಟೊಡನೆ ಕಪಿಲಾ, ಕಾವೇರಿಗಳ ನೀರಾವರಿಯ ಭತ್ತದ ಗದ್ದೆ, ಕಬ್ಬಿನ ತೋಟ, ನಾಲೆಯ ಏರಿಯ ಮಣ್ಣುದಾರಿ. ಆದುದರಿಂದ ಇಲ್ಲಿಯ ವಾಹನವು ಎರಡು ಬಗೆಯ ದುಡಿಮೆಗೆ ಒಳಗಾಗುತ್ತದೆ. ಹೆದ್ದಾರಿಯ ದೀರ್ಘ ವೇಗದಿಂದ ಇಂಜಿನು ಕಾಯುತ್ತದೆ, ಸಿಲಿಂಡರು ಸವೆಯುತ್ತದೆ. ಗದ್ದೆಯ ಬದಿಯ ನಿಧಾನ ಸಂಚಾರದಿಂದ ಮಸಿ ಕಟ್ಟುತ್ತದೆ, ಬ್ಯಾಟರಿಗೆ ಸಾಕಷ್ಟು ವಿದ್ಯುತ್ತು ದೊರೆಯುವುದಿಲ್ಲ. ಹಿಂದಿನ ಚೈನು ಪೂರ್ಣವಾಗಿ ಮುಚ್ಚಿರುವುದು ಕೆಸರಿನ ದಾರಿಗೆ ಬಹಳ ಅನುಕೂಲ. ಆದರೆ ಅದರ ರಬ್ಬರಿನ ಹೊದಿಕೆ ಹರಿದರೆ ಒಳಹೊಕ್ಕ ಮಣ್ಣು ಹೊರಗೆ ಕಾಣಿಸದೆ ಚೈನನ್ನು ತಿನ್ನುತ್ತದೆ.

ದೋಷಗಳನ್ನು ಅರಿಯಲು ಇಂಜಿನಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಈ ಇಂಜಿನು ಎರಡು ಸ್ಟ್ರೋಕಿನದು. ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣವು ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಅನಂತರ ಸಿಲಿಂಡರಿಗೆ ಏರುತ್ತದೆ. ಆದ ಕಾರಣ ಆ ಕೋಣೆಯು ಗಾಳಿಯಾಡದಂತೆ ಭದ್ರವಾಗಿರುವುದು ಅತ್ಯಾವಶ್ಯಕ. ಈ ಭದ್ರತೆಯನ್ನು ಕಾಯುವವು ಕ್ರ್ಯಾಂಕಿನ ಇಬ್ಬದಿಯ ಚಿಕ್ಕ ರಬ್ಬರು ಸೀಲುಗಳು.

ಸಾಮಾನ್ಯವಾಗಿ ಕಾಣುವ ದೋಷಗಳನ್ನು ವೆಚ್ಚದ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಇಂಜಿನನ್ನು ಬಿಚ್ಚದೆಯೇ ಸರಿಪಡಿಸಬಹುದಾದವು. ಸವೆದ ಪಾಯಿಂಟು, ಕೆಟ್ಟ ಕಂಡೆನ್ಸರು, ಕಸ ತುಂಬಿದ ಕಾರ್ಬುರೇಟರು, ಮಸಿ ಕಟ್ಟಿದ ಸೈಲೆನ್ಸರು ಇವು ಈ ವರ್ಗದವು. ಹಿಂದಿನ ಮಾದರಿಗಳಲ್ಲಿ 6 ವೋಲ್ಟಿನ ಡೈನಮೋ ಇದ್ದು, ಕಿಡಿಯೂ ಬ್ಯಾಟರಿಯನ್ನೇ ಅವಲಂಬಿಸಿದೆ. ಬ್ಯಾಟರಿ ಸತ್ವಹೀನವಾದರೆ ಎಷ್ಟು ಕಿಕ್ ಹೊಡೆದರೂ ಫಲವಿಲ್ಲ. ಇವುಗಳಲ್ಲಿ ಸಾಮಗ್ರಿಯ ಬೆಲೆಯೂ ಕೂಲಿಯೂ ಅಲ್ಪ.

ಎರಡನೆಯದು, ಸಿಲಿಂಡರನ್ನು ಕಳಚಬೇಕಾದವು. ಜಾವಾದ ಸಿಲಿಂಡರಿನ ವ್ಯಾಸ 65 ಮಿಲ್ಲಿಮೀಟರು. ಅದು ಸವೆದಾಗ ಲೇತಿನವರಲ್ಲಿ ಬೋರ್ ಮಾಡಿಸಿ, ಒಂದಳತೆ ದೊಡ್ಡದಾದ ಪಿಸ್ಟನ್ನನ್ನು ಹಾಕುತ್ತಾರೆ. ಪ್ರತಿಯೊಂದು ಸಲವೂ ಸಿಲಿಂಡರಿನ ಲೋಹ ಅಷ್ಟಷ್ಟು ಕಡಿಮೆಯಾಗುವುದರಿಂದ, ಇದು ಮೂಲಧನವನ್ನೇ ಕರಗಿಸಿ ಖರ್ಚು ಮಾಡಿದಂತೆ. ಕೊನೆಯ ಅಳತೆ ಮುಗಿದ ಮೇಲೆ ಹೊಸ ಸ್ಲೀವನ್ನು ಹಾಕಿಸದೆ ಗತ್ಯಂತರವಿಲ್ಲ.

ಮೂರನೆಯದು, ಕ್ರ್ಯಾಂಕಿಗೆ ಸಂಬಂಧಿಸಿದವು. ಕ್ರ್ಯಾಂಕು ಹಲವು ತುಂಡುಗಳನ್ನು ಒತ್ತಿ ಜೋಡಿಸಿದ್ದು. ಅದರ ಬೇರಿಂಗು ಸವೆದರೆ ಇಂಜಿನನ್ನು ಇಬ್ಭಾಗ ಮಾಡಿ, ಕ್ರ್ಯಾಂಕನ್ನು ಬಿಡಿಸಿ, ಮತ್ತೆ ಒತ್ತಿ, ಓರೆಯಿಲ್ಲದಂತೆ ನೇರಗೊಳಿಸಬೇಕು. ಇಲ್ಲಿ ಬೇರಿಂಗಿನ ಬೆಲೆಗಿಂತ ಕೈಕೆಲಸದ ಬೆಲೆಯೇ ಹೆಚ್ಚು.

ಗಮನಿಸತಕ್ಕ ಸಂಗತಿಯೆಂದರೆ, ಮೂರನೆಯ ವರ್ಗದ ದೋಷವು ಅನೇಕ ವೇಳೆ ಮೇಲೆ ಹೇಳಿದ ಚಿಕ್ಕ ಸೀಲಿನಿಂದಲೇ ಆರಂಭವಾಗುತ್ತದೆ. ಕ್ಲಚ್ಚಿನ ಬದಿಯ ಸೀಲು ಕೆಟ್ಟರೆ ಗೇರಿನ ಎಣ್ಣೆ ಒಳಕ್ಕೆ ಎಳೆಯಲ್ಪಟ್ಟು ದಟ್ಟವಾದ ಬಿಳಿಯ ಹೊಗೆ ಬರುತ್ತದೆ. ಎಣ್ಣೆಯ ಮಟ್ಟ ಇಳಿಯುತ್ತದೆ. ಡೈನಮೋ ಬದಿಯ ಸೀಲು ಕೆಟ್ಟರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇಂಜಿನು ತಾನಾಗಿಯೇ ವೇಗವೇರುತ್ತದೆ, ಅತಿಯಾಗಿ ಕಾಯುತ್ತದೆ. ಈ ಎರಡನೆಯ ಲಕ್ಷಣವನ್ನು ಗಾಡಿ ಚುರುಕಾಗಿದೆ ಎಂದು ಭಾವಿಸಿ ಓಡಿಸಿದವರು ಮೊದಲು ಪಿಸ್ಟನ್ನನ್ನೂ ಅನಂತರ ಕ್ರ್ಯಾಂಕನ್ನೂ ಕಳೆದುಕೊಳ್ಳುತ್ತಾರೆ. ಸೀಲಿನ ಬೆಲೆ ಅತ್ಯಲ್ಪ. ಅದನ್ನು ಉಪೇಕ್ಷಿಸಿದುದರ ಬೆಲೆ ಇಡೀ ಇಂಜಿನಿನದು.

ಈಚೆಗೆ ಇನ್ನೊಂದು ಕಾರಣ ಸೇರಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಈಗ ಎಲ್ಲೆಡೆಯೂ ಬಳಕೆಯಲ್ಲಿದೆ. ಎಥನಾಲ್ ನೀರಿನಂಶವನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಆದಕಾರಣ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡುವುದು ಕ್ಷೇಮ. ಪೆಟ್ರೋಲಿನ ಕೊಳವೆ, ವಾಷರುಗಳನ್ನು ಎಥನಾಲ್ ತಾಳುವ ಬಗೆಯವುಗಳಿಗೆ ಬದಲಾಯಿಸಬೇಕು.

ದುರಸ್ತಿಯ ಜೊತೆಗೆ ಕಾನೂನಿನ ವೆಚ್ಚವೂ ಉಂಟು. ಖಾಸಗಿ ವಾಹನದ ನೋಂದಣಿ 15 ವರ್ಷಗಳದು. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಮೋಟಾರು ಸೈಕಲ್ಲಿನ ನವೀಕರಣ ಶುಲ್ಕವು 2022ರ ಏಪ್ರಿಲಿನಲ್ಲಿ 300 ರೂಪಾಯಿಗಳಿಂದ 1,000ಕ್ಕೆ ಏರಿತು. 20 ವರ್ಷ ಮೀರಿದವಕ್ಕೆ 2025ರ ಆಗಸ್ಟಿನಲ್ಲಿ 2,000 ರೂಪಾಯಿ ಆಯಿತು. ಮೈಸೂರಿನ ಹಳೆಯ ಕಾರ್ಖಾನೆಯಿಂದ ಹೊರಬಂದ ಪ್ರತಿಯೊಂದು ಗಾಡಿಯೂ ಈ ಕೊನೆಯ ವರ್ಗಕ್ಕೆ ಸೇರುತ್ತದೆ.

ಇದರಿಂದ ಕೊಳ್ಳುವವರಿಗೂ ಇಟ್ಟುಕೊಂಡಿರುವವರಿಗೂ ಒಂದು ಕ್ರಮ ದೊರೆಯುತ್ತದೆ. ಮೊದಲು ಹೊಗೆಯ ಬಣ್ಣ, ಗೇರಿನ ಎಣ್ಣೆಯ ಮಟ್ಟ, ನಿಂತಲ್ಲಿನ ವೇಗ ಇವನ್ನು ಪರೀಕ್ಷಿಸಬೇಕು. ಆಮೇಲೆ ಸಿಲಿಂಡರು ಎಷ್ಟನೆಯ ಬೋರಿನಲ್ಲಿದೆ ಎಂದು ವಿಚಾರಿಸಬೇಕು. ಬಣ್ಣ, ಹೊಳಪುಗಳನ್ನು ಕಟ್ಟಕಡೆಗೆ ನೋಡಿದರೆ ಸಾಕು. ಇಂಜಿನು ಒಮ್ಮೆ ಬಿಚ್ಚಲ್ಪಟ್ಟರೆ, ಇನ್ನೂ ಕೆಡದಿದ್ದರೂ ಸೀಲುಗಳನ್ನು ಬದಲಾಯಿಸಿಬಿಡುವುದೇ ಮಿತವ್ಯಯ, ಕೂಲಿ ಒಂದೇ.

ಬಿಡಿಭಾಗಗಳನ್ನು ನಕಲು ಮಾಡಿಯಾದರೂ ತಯಾರಿಸಬಹುದು. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ಅದರ ಓರೆಯನ್ನು ಅರಿಯುವ ಕುಶಲತೆ ಹಾಗೆ ದೊರೆಯುವುದಲ್ಲ. ಅದು ಒಬ್ಬ ಕಸಬುದಾರನಿಂದ ಇನ್ನೊಬ್ಬನಿಗೆ ಕಲಿಕೆಯ ಮೂಲಕವೇ ಸಾಗಬೇಕು. ಈ ಯಂತ್ರಗಳ ಆಯುಸ್ಸು ಕೊನೆಗೆ ನಿಂತಿರುವುದು ಆ ಕಲಿಕೆಯ ಮೇಲೆ. ನಮ್ಮ ತಾಂತ್ರಿಕ ವಿದ್ಯಾರ್ಥಿಗಳು ಈ ಕಸಬುದಾರರ ಬಳಿ ಕುಳಿತು ಅವರ ಕ್ರಮಗಳನ್ನು ಬರೆದಿಡುವುದು ಈಗಲೇ ಆಗಬೇಕಾದ ಕೆಲಸ.