ಎಂಟು ಕಾಲಿನ ಕುದುರೆ ಮತ್ತು ಬಳಿದ ಬಣ್ಣ: ಗೋಟ್‌ಲ್ಯಾಂಡ್‌ನ ಚಿತ್ರಶಿಲೆಗಳಲ್ಲಿ ಪ್ರಾಣಿಗಳು

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡ್ತೀನಿ. ಶಾಸನದ ಹುಚ್ಚು ಹತ್ತಿದ ಹೊಸತರಲ್ಲಿ ಒಂದು ಕೆರೆ ಏರಿಯ ಮೇಲೆ ಸವೆದುಹೋದ ವೀರಗಲ್ಲು ಸಿಕ್ಕಿತ್ತು. ಕೆಳಗಿನ ಪಟ್ಟಿಕೆಯ ಮೂಲೆಯಲ್ಲಿ ನಾಲ್ಕು ಕಾಲಿನ ಪ್ರಾಣಿ. ಸೀಮೆಸುಣ್ಣದ ಪುಡಿ ಉಜ್ಜಿ, ಫೋಟೋ ತೆಗೆದು, "ವೀರನ ಜೊತೆ ಅವನ ನಾಯಿ" ಅಂತ ಬರೆದುಬಿಟ್ಟೆ. ಆಗ ತಲೆ ತುಂಬಾ ಆತಕೂರಿನ ಶಾಸನವೇ ಇತ್ತು. ವರ್ಷ ಕಳೆದು ಮತ್ತೆ ಹೋದಾಗ ರಾತ್ರಿಯಾಗಿತ್ತು. ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದರೆ, ನಾನು ಬಾಲ ಅಂದುಕೊಂಡಿದ್ದು ಕಲ್ಲಿನ ಬಿರುಕು, ಪಂಜ ಅಂದುಕೊಂಡಿದ್ದು ಗೊರಸು. ಅದು ತುರುಗೊಳ್ ಕಲ್ಲು, ಪ್ರಾಣಿ ಕರು! ನಾಯಿ ಇದ್ದದ್ದು ನನ್ನ ತಲೆಯಲ್ಲಿ.

ಇದೇ ಪ್ರಶ್ನೆ ತುಂಬಾ ದೊಡ್ಡ ಪ್ರಮಾಣದಲ್ಲಿ ಎದುರಾಗಿರುವುದು ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳ ವಿಷಯದಲ್ಲಿ. ಅವುಗಳಿಗೂ ನಮ್ಮ ವೀರಗಲ್ಲುಗಳಿಗೂ ಯಾವ ಸಂಬಂಧವೂ ಇಲ್ಲ, ಹೋಲಿಕೆ ಹುಡುಕೋದು ಬೇಡ. ಆದರೆ ಕಲ್ಲನ್ನು ಓದುವ ಕಷ್ಟ ಎಲ್ಲ ಕಡೆ ಒಂದೇ.

ಏನಿವು?

ಗೋಟ್‌ಲ್ಯಾಂಡ್ ಬಾಲ್ಟಿಕ್ ಸಮುದ್ರದ ನಡುವೆ ಇರುವ ಸುಣ್ಣಕಲ್ಲಿನ ದ್ವೀಪ. ಅಲ್ಲಿ ಸುಮಾರು ಕ್ರಿ.ಶ. 400ರಿಂದ 1100ರವರೆಗೆ, ಅಂದರೆ ಏಳುನೂರು ವರ್ಷ, ಜನ ಚಪ್ಪಡಿಕಲ್ಲುಗಳ ಮೇಲೆ ಚಿತ್ರ ಕೆತ್ತಿ ನಿಲ್ಲಿಸಿದರು. ತುಂಡುಗಳನ್ನೂ ಸೇರಿಸಿದರೆ ನಾನೂರಕ್ಕೂ ಹೆಚ್ಚು ಸಿಕ್ಕಿವೆ. ಸತ್ತವರ ನೆನಪಿಗೆ ನಿಲ್ಲಿಸಿದವು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಕಲ್ಲಿನ ಆಕಾರವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ: ಮೊದಲಿನವು ಕೊಡಲಿಯ ಅಲಗಿನ ಹಾಗೆ, ನಡುಗಾಲದವು ಅಣಬೆಯ ಹಾಗೆ ಅಥವಾ ಬೀಗದ ಕೀಲಿಕಂಡಿಯ ಹಾಗೆ. ಈ ಎರಡನೇ ಆಕಾರವನ್ನು ಬಾಗಿಲಿಗೆ ಹೋಲಿಸಿ, "ಇವು ಪುರಾಣಲೋಕಕ್ಕೆ ತೆರೆದ ಬಾಗಿಲುಗಳು" ಎಂದು ಆಂಡರ್ಸ್ ಆಂದ್ರೇನ್ 1989ರಲ್ಲಿ ವಾದಿಸಿದರು.

ಪ್ರಾಣಿಗಳು ಕಾಲಕ್ಕೆ ತಕ್ಕ ಹಾಗೆ

5–6ನೇ ಶತಮಾನದ ಕಲ್ಲುಗಳಲ್ಲಿ ಕಥೆಗಿಂತ ಸಂಕೇತ ಜಾಸ್ತಿ. ಸಾಂಡಾ ಎಂಬಲ್ಲಿನ ಚರ್ಚಿನಲ್ಲಿ ಸಿಕ್ಕ ಮೂರು ಮೀಟರಿಗೂ ಎತ್ತರದ ಕಲ್ಲು ನೋಡಿ. ಮೇಲೆ ಸುಳಿಯಂತೆ ತಿರುಗುವ ದೊಡ್ಡ ಚಕ್ರ, ಅದರ ಕೆಳಗೆ ಹಾವುಗಳು ಸುತ್ತಿದ ಎರಡು ಸಣ್ಣ ಚಕ್ರ, ಒಂದು ಮರ, ಡ್ರ್ಯಾಗನ್‌ನಂಥ ಒಂದು ಮೃಗ, ತಳದಲ್ಲಿ ಹುಟ್ಟು ಹಾಕುವವರಿರುವ ದೋಣಿ. ದೊಡ್ಡ ಚಕ್ರ ಸೂರ್ಯ ಇರಬಹುದು ಅನ್ನೋದು ಹಲವರ ಅಭಿಪ್ರಾಯ. ಮೃಗ ಯಾವುದು? ಅದರ ಹೆಸರು ಹೇಳುವ ಒಂದು ಅಕ್ಷರವೂ ಕಲ್ಲಿನ ಮೇಲಿಲ್ಲ.

ಇದೇ ಕಾಲದ ಇನ್ನೊಂದು ಕಲ್ಲು ಸ್ಮಿಸ್ ಎಂಬ ಜಾಗದ್ದು. ಕಾಲಗಲಿಸಿ ಕೂತ ಆಕೃತಿಯ ಎರಡೂ ಕೈಯಲ್ಲಿ ಒಂದೊಂದು ಹಾವು. ಸ್ವೀಡನ್ನಿನವರು "ಹಾವಿನ ಮಾಟಗಾತಿ" ಅನ್ನುತ್ತಾರೆ. ಅವಳ ಮೇಲೆ ಮೂರು ಪ್ರಾಣಿಗಳು ಒಂದಕ್ಕೊಂದು ಹೆಣೆದು ಸುತ್ತುತ್ತಿವೆ. ಹಂದಿ, ಹದ್ದು, ತೋಳ ಅಂತ ಗುರುತಿಸುವವರಿದ್ದಾರೆ. "ಮಾಟಗಾತಿ" ಅನ್ನೋದು ನಾವಿಟ್ಟ ಹೆಸರು, ಕೆತ್ತಿದವನು ಇಟ್ಟಿದ್ದಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

8ನೇ ಶತಮಾನದ ಹೊತ್ತಿಗೆ ದೃಶ್ಯವೇ ಬದಲಾಗುತ್ತೆ. ತಳದಲ್ಲಿ ಚೌಕುಳಿ ಹಾಯಿಯ ಹಡಗು, ಮೇಲೆ ಕುದುರೆ ಸವಾರ, ಎದುರಿಗೆ ಪಾನೀಯದ ಕೊಂಬು ಹಿಡಿದು ಸ್ವಾಗತಿಸುವ ಹೆಂಗಸು. ಸತ್ತ ವೀರ ಓಡಿನ್ ದೇವರ ಸಭೆಯಾದ ವಲ್ಹಾಲಾ ತಲುಪುತ್ತಿದ್ದಾನೆ ಅನ್ನೋದು ಪ್ರಚಲಿತ ಓದು. ಕುದುರೆ, ಹಡಗು ಎರಡೂ ಪ್ರಯಾಣದ ವಾಹನಗಳೇ ಆದ್ದರಿಂದ ಅದು ಹೊಂದುತ್ತದೆ ಕೂಡ. ಹತರಾದವರ ಮೇಲೆ ಹಾರುವ ಹಕ್ಕಿಗಳು, ಹಾವಿನ ಗುಂಡಿಯಲ್ಲಿ ಬಿದ್ದ ಮನುಷ್ಯ ಇವೆಲ್ಲ ಈ ಕಾಲದವೇ.

ಕೊನೆಯ ಹಂತ 11ನೇ ಶತಮಾನದ್ದು. ಶಾಸನಪ್ರಿಯರಿಗೆ ಖುಷಿ ಕೊಡುವಂಥದ್ದು. ಇಲ್ಲಿ ಹಾವಿನ ಉದ್ದನೆಯ ಮೈಯೇ ಸಾಲಿನ ಪಟ್ಟಿ, ಅದರೊಳಗೆ ರೂನ್ ಲಿಪಿಯ ಅಕ್ಷರಗಳು. ಪ್ರಾಣಿ ಬರೆಹವನ್ನೇ ಹೊತ್ತಿದೆ, ಜೊತೆಗೆ ಶಿಲುಬೆಯೂ ಬರುತ್ತೆ.

ಎಂಟು ಕಾಲಿನ ಪ್ರಶ್ನೆ

ಎಲ್ಲರಿಗೂ ಗೊತ್ತಿರುವ ಪ್ರಾಣಿಗೆ ಬರೋಣ. 1844ರಲ್ಲಿ ಶೆಂಗ್ವಿಡೆ ಎಂಬಲ್ಲಿ ಸಿಕ್ಕ ಕಲ್ಲಿನ ಮೇಲೂ, ಆರ್ಡ್ರೆ ಚರ್ಚಿನ ನೆಲದಡಿ ಸಿಕ್ಕ ಎಂಟನೇ ಕಲ್ಲಿನ ಮೇಲೂ ಸವಾರನ ಕುದುರೆಗೆ ಎಂಟು ಕಾಲು. ಎರಡೂ ಈಗ ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿವೆ. ಓಡಿನ್‌ನ ಕುದುರೆ ಸ್ಲೈಪ್ನಿರ್‌ಗೆ ಎಂಟು ಕಾಲು ಅಂತ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿದ್ದಾನೆ. ಹಾಗಾಗಿ ಇದು ಸ್ಲೈಪ್ನಿರ್, ಮುಗೀತು?

ಸ್ವಲ್ಪ ತಾಳಿ. ಸ್ನೋರಿ ಬರೆದದ್ದು 13ನೇ ಶತಮಾನದಲ್ಲಿ, ಬೇರೊಂದು ದ್ವೀಪದಲ್ಲಿ, ಕ್ರೈಸ್ತನಾಗಿ. ಕಲ್ಲು ಅದಕ್ಕಿಂತ ನೂರಾರು ವರ್ಷ ಹಳೆಯದು. ಕಾಲುಗಳನ್ನು ಇಮ್ಮಡಿ ಮಾಡಿದ್ದು ಓಟದ ವೇಗ ತೋರಿಸೋಕೆ ಇರಬಾರದಾ ಅಂತಲೂ ಕೇಳಬಹುದು. ಆದರೆ ಉಳಿದ ಕಲ್ಲುಗಳ ಕುದುರೆಗಳಿಗೆಲ್ಲ ನಾಲ್ಕೇ ಕಾಲು. ವೇಗ ತೋರಿಸುವ ರೂಢಿ ಅದಾಗಿದ್ದರೆ ಬೇರೆ ಕಡೆಯೂ ಕಾಣಬೇಕಿತ್ತು. ಆದ್ದರಿಂದ ಎಂಟು ಕಾಲಿನ ಕುದುರೆಯ ಕಲ್ಪನೆ ಸ್ನೋರಿಗಿಂತ ಬಹಳ ಮೊದಲೇ ಇತ್ತು ಅನ್ನೋದಕ್ಕೆ ಈ ಎರಡು ಕಲ್ಲು ಗಟ್ಟಿ ಸಾಕ್ಷಿ ಅಂತ ನನಗನಿಸುತ್ತೆ. ಆದರೆ ಮೇಲೆ ಕೂತವನು ಓಡಿನ್ನೋ, ಓಡಿನ್ನನ ಕುದುರೆ ಪಡೆದ ಸತ್ತ ಮನುಷ್ಯನೋ? ಶೆಂಗ್ವಿಡೆ ಕಲ್ಲಿನ ಮೇಲೆ ರೂನ್ ಶಾಸನ ಇದೆ. ಸಹೋದರನ ನೆನಪಿಗೆ ಕಲ್ಲು ನಿಲ್ಲಿಸಿದ ಮಾತು ಅದರಲ್ಲಿದೆ, ಕುದುರೆಯ ಬಗ್ಗೆ ಚಕಾರವಿಲ್ಲ.

ಇಲ್ಲೇ ಆತಕೂರು ನೆನಪಾಗೋದು. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವಿದೆ, ಪಕ್ಕದಲ್ಲೇ ಅಕ್ಷರವೂ ಇದೆ: ನಾಯಿಯ ಹೆಸರು ಕಾಳಿ, ಒಡೆಯ ಮಣಲೆರ, ಬೆಳತೂರಿನ ಬೆಟ್ಟದಲ್ಲಿ ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಚಿತ್ರಕ್ಕೆ ಬರೆಹ ಕಾವಲು ನಿಂತಿದೆ. ಗೋಟ್‌ಲ್ಯಾಂಡಿನ ಬಹುತೇಕ ಪ್ರಾಣಿಗಳಿಗೆ ಆ ಕಾವಲಿಲ್ಲ.

ಬಣ್ಣ ಬಳಿದವರು ಯಾರು?

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕೆತ್ತನೆ ತೀರಾ ತೆಳು. ಹಿನ್ನೆಲೆಯನ್ನು ಚೂರೇ ಚೂರು ಕೆಳಗಿಳಿಸಿ ಆಕೃತಿ ಉಳಿಸಿರುತ್ತಾರೆ. ಮೇಲಾಗಿ ಎಷ್ಟೋ ಕಲ್ಲುಗಳು ಚರ್ಚಿನ ನೆಲಹಾಸಾಗಿ ಶತಮಾನಗಟ್ಟಲೆ ಕಾಲಡಿ ಸವೆದಿವೆ. ಹಗಲ ಬೆಳಕಲ್ಲಿ ಏನೂ ಕಾಣಲ್ಲ. ಸೂನೆ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸರು ಓರೆ ಬೆಳಕಿನಲ್ಲಿ ಗೆರೆ ಹುಡುಕಿ, ಕಂಡ ಗೆರೆಗಳಿಗೆ ಬಣ್ಣ ತುಂಬಿಸಿ, ಫೋಟೋ ತೆಗೆಸಿ 1941–42ರಲ್ಲಿ ಎರಡು ಸಂಪುಟ ಪ್ರಕಟಿಸಿದರು. ಅದು ಅಗಾಧ ಕೆಲಸ, ಇವತ್ತಿಗೂ ಅಡಿಪಾಯ. ಆದರೆ ಮುಂದಿನ ಪೀಳಿಗೆಯ ಬಹಳ ಮಂದಿ ಓದಿದ್ದು ಕಲ್ಲನ್ನಲ್ಲ, ಆ ಬಣ್ಣವನ್ನು. ಒಬ್ಬರ ಕಣ್ಣಿನ ತೀರ್ಮಾನ ಎಲ್ಲರ ಆಕರ ಆಗಿಬಿಟ್ಟಿತು.

ಈಗ ಹೊಸ ಉಪಕರಣಗಳಿವೆ. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಬೇರೆ ಬೇರೆ ಕೋನದಿಂದ ಹಿಡಿದು ಹತ್ತಾರು ಫೋಟೋ ತೆಗೆಯುವುದು. ಪಕ್ಕದಲ್ಲಿ ಹೊಳೆಯುವ ಸಣ್ಣ ಗೋಲಿ ಇಟ್ಟಿರುತ್ತಾರೆ. ಅದರ ಮೇಲಿನ ಹೊಳಪಿನ ಚುಕ್ಕೆ ನೋಡಿ ಬೆಳಕು ಎಲ್ಲಿಂದ ಬಂತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ, ಆಮೇಲೆ ಪ್ರತಿ ಬಿಂದುವಿನ ಮೇಲ್ಮೈ ಯಾವ ಕಡೆ ವಾಲಿದೆ ಅನ್ನೋದನ್ನು ಕಂಡುಹಿಡಿಯುತ್ತೆ. ನಂತರ ಕಂಪ್ಯೂಟರಿನಲ್ಲೇ ಕೂತು ದೀಪವನ್ನು ಬೇಕಾದ ಕಡೆ ತಿರುಗಿಸಬಹುದು. ಆರ್.ಟಿ.ಐ. ಅಂತ ಕರೆಯೋ ಈ ವಿಧಾನವನ್ನು (ನಮ್ಮ ಮಾಹಿತಿ ಹಕ್ಕಲ್ಲ!) ಬಳಸಿ ಸಿಗ್ಮುಂಡ್ ಓರ್ಲ್ 2019ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿದರು. ಹಳೆಯ ಬಣ್ಣದ ಗೆರೆಗಳಲ್ಲಿ ಹಲವು ಅನುಮಾನಾಸ್ಪದ, ಬಣ್ಣ ಬೀಳದ ಎಷ್ಟೋ ವಿವರ ಕಲ್ಲಿನಲ್ಲಿ ಇನ್ನೂ ಇವೆ ಅಂತ ತೋರಿಸಿದರು. ಲೈಲಾ ಕಿಟ್ಸ್ಲರ್ ಓಫೆಲ್ಟ್ ಅವರು ಮೂರು ಆಯಾಮದ ಸ್ಕ್ಯಾನರಿನಿಂದ ಉಳಿಯ ಗೀರುಗಳನ್ನೇ ಅಳೆದು, ಕೆತ್ತಿದ ಕೈಗಳನ್ನು ಬೇರ್ಪಡಿಸುವ ಕೆಲಸ ಮಾಡಿದ್ದಾರೆ.

ಆರ್ಡ್ರೆ ಕಲ್ಲಿನಲ್ಲೇ ಕಮ್ಮಾರಸಾಲೆ, ಸುತ್ತಿಗೆ, ಇಕ್ಕಳ, ತಲೆಯಿಲ್ಲದ ಎರಡು ದೇಹ, ಹಕ್ಕಿಯಂಥ ಆಕೃತಿ ಇವೆ. ರಾಜಕುಮಾರರನ್ನು ಕೊಂದು ಹಾರಿಹೋದ ಕಮ್ಮಾರ ವೋಲುಂಡನ ಕಥೆ ಅಂತ ಬಹುತೇಕರು ಒಪ್ಪುತ್ತಾರೆ. ಯಾಕೆ? ಒಂದಲ್ಲ, ಹಲವು ಸುಳಿವುಗಳು ಒಟ್ಟಿಗೆ ಕೂಡಿಬಂದಿವೆ. ಹಕ್ಕಿ ಒಂದೇ ಇದ್ದಿದ್ದರೆ ಅದು ಬರೀ ಹಕ್ಕಿ. ನನ್ನ "ನಾಯಿ"ಗೆ ಇದ್ದದ್ದು ಒಂದೇ ಸುಳಿವು, ಅದೂ ಬಿರುಕು.

ಆಮೇಲೆ ನಾನು ರೂಢಿ ಮಾಡಿಕೊಂಡಿದ್ದು ಇಷ್ಟು: ಕಲ್ಲಿಗೆ ಪುಡಿ, ಬಣ್ಣ ಏನೂ ಸೋಕಿಸಲ್ಲ. ಓರೆ ಬೆಳಕಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೀತೀನಿ. ಟಿಪ್ಪಣಿಯಲ್ಲಿ ಕಂಡದ್ದು ಒಂದು ಸಾಲು, ಅಂದುಕೊಂಡದ್ದು ಇನ್ನೊಂದು ಸಾಲು. "ನಾಲ್ಕು ಕಾಲಿನ ಪ್ರಾಣಿ, ಗೊರಸು ಇದೆ" ಮೊದಲನೆಯದರಲ್ಲಿ, "ಕರು ಇರಬಹುದು" ಎರಡನೆಯದರಲ್ಲಿ. ನಾಳೆ ಇನ್ನೊಬ್ಬರು ಬಂದು ಎರಡನೇ ಸಾಲನ್ನು ಹೊಡೆದುಹಾಕಲಿ, ಬೇಜಾರಿಲ್ಲ. ಮೊದಲ ಸಾಲು ಸರಿಯಾಗಿದ್ದರೆ ಸಾಕು.