ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ

ಟ್ಯಾಂಕ್ ತುಂಬಿಸಿಕೊಂಡು ಬಂಕಿನಿಂದ ಹೊರಟರೂ ಮುಳ್ಳು ಅರ್ಧದಿಂದ ಮೇಲೇಳುವುದಿಲ್ಲ. ಇಲ್ಲವೇ ಕಾಲು ಟ್ಯಾಂಕ್ ಇದೆ ಎಂದು ತೋರಿಸುತ್ತಿರುವಾಗಲೇ ಘಾಟಿಯ ನಡುವೆ ಎಂಜಿನ್ ನಿಂತುಹೋಗುತ್ತದೆ. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ‘ಮೀಟರ್ ಬೋರ್ಡ್ ಹೋಗಿದೆ, ಬದಲಾಯಿಸಬೇಕು’ ಎಂಬ ಮಾತು ಬಲು ಬೇಗ ಬಂದುಬಿಡುತ್ತದೆ. ಬೋರ್ಡಿನ ಬೆಲೆ ಸಾವಿರಗಟ್ಟಲೆ. ಆದರೆ ದೋಷ ಎಷ್ಟೋ ಸಲ ಕಣ್ಣಿಗೆ ಕಾಣುವ ಮುಳ್ಳಿನಲ್ಲಿರದೆ, ಕಾರಿನ ಹಿಂಭಾಗದ ಟ್ಯಾಂಕಿನೊಳಗೆ ಅಡಗಿರುತ್ತದೆ. ದುಡ್ಡು ಬಿಚ್ಚುವ ಮೊದಲೇ ಅದನ್ನು ಖಚಿತ ಮಾಡಿಕೊಳ್ಳಲು ಸಾಧ್ಯ.

ಮುಳ್ಳು ಪೆಟ್ರೋಲನ್ನು ನೇರವಾಗಿ ಅಳೆಯುವುದೇ ಇಲ್ಲ. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದಕ್ಕೊಂದು ತಂತಿಯ ತೋಳು. ಪೆಟ್ರೋಲ್ ಇಳಿದಂತೆ ತೋಳು ಕೆಳಗೆ ವಾಲುತ್ತದೆ. ತೋಳಿನ ಬುಡದಲ್ಲಿರುವ ಲೋಹದ ನಾಲಿಗೆಯೊಂದು ಪಿಂಗಾಣಿ ಬಿಲ್ಲೆಯ ಮೇಲೆ ಬಳಿದ ಪಟ್ಟಿಗೆ ತಾಗಿಕೊಂಡು ಜಾರುತ್ತದೆ. ನಾಲಿಗೆ ಎಲ್ಲಿ ನಿಂತಿದೆ ಎಂಬುದರ ಮೇಲೆ ವಿದ್ಯುತ್ತಿಗೆ ಎದುರಾಗುವ ರೋಧ ಬದಲಾಗುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ಟ್ಯಾಂಕ್ ಯೂನಿಟ್ ಎನ್ನುವುದು. ಯುರೋಪಿನ ಹಲವು ಗೇಜ್‌ಗಳಲ್ಲಿ ಖಾಲಿ ಟ್ಯಾಂಕಿಗೆ ಸುಮಾರು 10 ಓಮ್, ತುಂಬಿದ ಟ್ಯಾಂಕಿಗೆ 180 ಓಮ್. ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಬಗೆ ಇದಕ್ಕೆ ತದ್ವಿರುದ್ಧ: ಖಾಲಿಗೆ 240, ತುಂಬಿದಾಗ 33. ಹೀಗಾಗಿ ಸಿಕ್ಕಿದ ಯೂನಿಟ್ ತಂದು ಜೋಡಿಸಿದರೆ ಮುಳ್ಳು ಉಲ್ಟಾ ಓಡುವುದೂ ಉಂಟು.

ಫ್ಲೋಟ್, ನಾಲಿಗೆ, ಪಟ್ಟಿ, ತಂತಿ, ಅರ್ಥ್, ಕೊನೆಗೆ ಮುಳ್ಳು: ಇದೊಂದು ಸರಪಳಿ. ಇದನ್ನು ತುದಿಯಿಂದ ಬಿಚ್ಚುತ್ತ ಹೋಗುವ ಬದಲು ನಡುವೆ ತುಂಡರಿಸಿ ನೋಡುವುದೇ ಜಾಣತನ. ಎಂಜಿನ್ ಶಾಖದ ಮುಳ್ಳೂ ಜೊತೆಯಲ್ಲೇ ಕೆಟ್ಟಿದ್ದರೆ ಮೊದಲು ಫ್ಯೂಸ್ ಮತ್ತು ಮೀಟರ್ ಬೋರ್ಡಿನ ಅರ್ಥ್ ನೋಡಬೇಕು. ಪೆಟ್ರೋಲ್ ಮುಳ್ಳು ಮಾತ್ರ ತಪ್ಪುತ್ತಿದ್ದರೆ ನೇರ ಟ್ಯಾಂಕಿನ ಬಳಿಗೆ ಹೋಗಬಹುದು. ಹಲವು ಕಾರುಗಳಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಅದರ ಮುಚ್ಚಳ ಕಾಣುತ್ತದೆ. ಇಗ್ನಿಷನ್ ಆಫ್ ಮಾಡಿ ಯೂನಿಟ್ಟಿನ ಕನೆಕ್ಟರ್ ಬಿಡಿಸಿ, ಮತ್ತೆ ಆನ್ ಮಾಡಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಗೇಜ್‌ನ ತಂತಿಗೂ ಅರ್ಥ್‌ಗೂ ನಡುವೆ ಆ ಕಾರಿಗೆ ಹೇಳಿದ ಕನಿಷ್ಠ ರೋಧದ ರೆಸಿಸ್ಟರ್ ಸೇರಿಸಿದರೆ ಇನ್ನೊಂದು ತುದಿಗೆ ಬರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇರುವುದರಿಂದ ಬರಿ ತಂತಿಯಿಂದ ಶಾರ್ಟ್ ಮಾಡುವುದು ಬೇಡ. ಮುಳ್ಳು ಎರಡೂ ತುದಿ ಮುಟ್ಟಿತೆಂದರೆ ಮೀಟರ್ ಬೋರ್ಡೂ ತಂತಿಯೂ ಸರಿಯಾಗಿವೆ ಎಂದೇ ಅರ್ಥ. ಬೋರ್ಡ್ ಕೊಳ್ಳುವ ಮಾತು ಅಲ್ಲಿಗೆ ಬಿಡಬಹುದು.

ಇನ್ನು ಅರ್ಥ್. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಅರ್ಥ್ ಬೋಲ್ಟ್ ತುಕ್ಕು ಹಿಡಿದು 20 ಓಮ್ ಹೆಚ್ಚಾಗಿ ಸೇರಿಕೊಂಡರೂ ಸಾಕು, 10–180ರ ಗೇಜ್ ಇರುವುದಕ್ಕಿಂತ ಹೆಚ್ಚು ಪೆಟ್ರೋಲ್ ತೋರಿಸುತ್ತದೆ. ಘಾಟಿಯಲ್ಲಿ ಕಾರು ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಬೇಕಾದದ್ದು ಉಜ್ಜುಕಾಗದ ಮತ್ತು ಒಂದು ಸ್ಪ್ಯಾನರ್.

ಎಲ್ಲ ಸರಿಯಿದ್ದು ಯೂನಿಟ್ಟಿನ ಮೇಲೇ ಅನುಮಾನ ಬಂದರೆ ಅದನ್ನು ಹೊರತೆಗೆಸಿ, ಮಲ್ಟಿಮೀಟರ್ ಹಚ್ಚಿ, ಫ್ಲೋಟನ್ನು ಬೆರಳಿನಿಂದ ಮೆಲ್ಲಗೆ ಎತ್ತಬೇಕು. ಇಡೀ ತಪಾಸಣೆಯಲ್ಲಿ ನನಗೆ ಅತಿ ಇಷ್ಟದ ಹಂತ ಇದು. ಅಂಕಿ 12, 30, 55 ಎಂದು ಹಂತಹಂತವಾಗಿ ಏರುತ್ತಿದ್ದುದು ಒಂದು ಜಾಗದಲ್ಲಿ ತಟ್ಟನೆ ಅಳತೆ ಮೀರಿ ಜಿಗಿದರೆ ಪಟ್ಟಿ ಸವೆದಿರುವುದು ಅಲ್ಲೇ. ಕಾರು ಕುಲುಕಿದಾಗಲೆಲ್ಲ ನಾಲಿಗೆ ಪಟ್ಟಿಯನ್ನು ಉಜ್ಜುತ್ತಿರುತ್ತದೆ. ಸದಾ ಕಾಲು ಟ್ಯಾಂಕಿನಲ್ಲೇ ಓಡುವ ಕಾರಿನಲ್ಲಿ ಸವೆತವೂ ಆ ಭಾಗದಲ್ಲೇ ಹೆಚ್ಚು. ಫ್ಲೋಟನ್ನೂ ಅಲುಗಾಡಿಸಿ ನೋಡಬೇಕು. ಒಳಗೆ ಪೆಟ್ರೋಲ್ ತುಳುಕಿದರೆ ಅದು ತೂತಾಗಿ ಮುಳುಗಿದೆ. ಮುಳ್ಳು ಸದಾ ಖಾಲಿ ತೋರಿಸುವುದಕ್ಕೆ ಅದೇ ಕಾರಣ.

ಸವೆಯದೆಯೂ ಯೂನಿಟ್ ಕೆಡಬಹುದು. 2004ರಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ರಾಜ್ಯಗಳಲ್ಲಿ ಬಹಳಷ್ಟು ಕಾರುಗಳ ಗೇಜ್‌ಗಳು ಒಮ್ಮೆಗೇ ಕೆಟ್ಟವು. ಸಂಸ್ಕರಣಾಗಾರದಿಂದ ಹೊರಟ ಪೆಟ್ರೋಲಿನಲ್ಲಿ ಗಂಧಕ ಉಳಿದುಬಿಟ್ಟಿತ್ತು. ನಾಲಿಗೆಯ ತುದಿಗೆ ಬೆಳ್ಳಿ ಬೆರೆತ ಲೋಹ ಹಾಕಿರುತ್ತಾರೆ. ಗಂಧಕ ತಗುಲಿದರೆ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪೊರೆ ಕಟ್ಟುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಆ ಪೊರೆಯಲ್ಲಿ ವಿದ್ಯುತ್ ಸರಾಗವಾಗಿ ಹರಿಯದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಪೆಟ್ರೋಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿದಿದೆ. ಆದರೆ ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಪೆಟ್ರೋಲಿಗಿಂತ ಚೆನ್ನಾಗಿ ವಿದ್ಯುತ್ತನ್ನೂ ಹರಿಸುತ್ತದೆ. ತೆರೆದ ಪಟ್ಟಿ, ನಾಲಿಗೆಗಳಿಗೆ ಅದು ಒಳ್ಳೆಯದಲ್ಲ. ಅದಕ್ಕೇ ಪೂರಾ ಮುಚ್ಚಿದ ಡಬ್ಬಿಯೊಳಗೆ ಸೆನ್ಸರ್ ಇಟ್ಟು, ಹೊರಗಿನ ತೋಳಿನಲ್ಲಿರುವ ಆಯಸ್ಕಾಂತದಿಂದ ಮಟ್ಟವನ್ನು ಓದುವ ಯೂನಿಟ್‌ಗಳೂ ಬಂದಿವೆ.

ಟ್ಯಾಂಕ್ ತೆರೆಯುವ ಕೆಲಸವನ್ನು ಮಾತ್ರ ಅನುಭವಿ ಮೆಕ್ಯಾನಿಕ್‌ಗೇ ಬಿಡಿ. ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಅದು ಸುಮಾರು ಶೇಕಡ 1.4ರಿಂದ 7.6ರವರೆಗೆ ಇದ್ದಾಗ. ಮುಚ್ಚಿದ ಟ್ಯಾಂಕಿನಲ್ಲಿ ಆವಿ ಸಾಮಾನ್ಯವಾಗಿ ಇದಕ್ಕಿಂತ ದಟ್ಟವಾಗಿರುತ್ತದೆ, ಸೇರಬೇಕಾದ ಗಾಳಿಯೇ ಅಲ್ಲಿರುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಗಾಳಿ ಬೆರೆತು ಲೆಕ್ಕ ಬದಲಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ಬಯಲಿನಲ್ಲಿ, ಬ್ಯಾಟರಿ ಬಿಡಿಸಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಈ ಕೆಲಸ ಆಗಬೇಕು. ಮುಚ್ಚುವಾಗ ರಬ್ಬರ್ ರಿಂಗ್ ಹೊಸದನ್ನೇ ಹಾಕಿಸಿ. ಹಳೆಯದು ಒಮ್ಮೆ ಉಬ್ಬಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ರಿಪೇರಿ ಆಗುವವರೆಗೆ ಟ್ಯಾಂಕ್ ಪೂರ್ತಿ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿ. ಕಾಲು ಭಾಗಕ್ಕಿಂತ ಕೆಳಗಿಳಿಯಲು ಬಿಡಬೇಡಿ: ಇಂದಿನ ಹೆಚ್ಚಿನ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇದ್ದು, ಅದನ್ನು ತಣ್ಣಗಿಡುವುದೂ ಅದೇ ಪೆಟ್ರೋಲ್.