ಬಿಲ್ಲು ಒಂದೇ, ಲೆಕ್ಕ ನಾಲ್ಕು: ಗುತ್ತಿಗೆದಾರರು ನಂಬಿಕೊಂಡ ಕೆಲವು ಮಾತುಗಳು

ಒಂದು ಚದರಕ್ಕೆ ಎಷ್ಟು ಮೂಟೆ ಸಿಮೆಂಟು, ಮೋಲ್ಡ್ ದಿನ ಎಷ್ಟು ಆಳು ಬೇಕು ಎಂಬುದನ್ನು ಬಾಯಲ್ಲೇ ಹೇಳುವ ಗುತ್ತಿಗೆದಾರರನ್ನು, ಹೋದ ವರ್ಷ ಯಾವ ಸೈಟಿನಲ್ಲಿ ಎಷ್ಟು ಉಳಿಯಿತು ಎಂದು ಕೇಳಿ ನೋಡಿ. ‘ಆಡಿಟರ್‌ಗೇ ಗೊತ್ತು’ ಅನ್ನುತ್ತಾರೆ. ಆಡಿಟರ್ ಕೈಗೆ ಚೀಟಿಗಳ ಚೀಲ ತಲುಪುವುದು ಜುಲೈ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಆಗಬೇಕಾದ ತಪ್ಪುಗಳೆಲ್ಲ ಸೈಟಿನಲ್ಲೇ ಆಗಿ ಮುಗಿದಿರುತ್ತವೆ. ಕರ್ನಾಟಕದ ಸಣ್ಣ, ಮಧ್ಯಮ ಗುತ್ತಿಗೆದಾರರ ನಡುವೆ ಓಡಾಡುವ ಇಂಥ ಕೆಲವು ನಂಬಿಕೆಗಳು ಇಲ್ಲಿವೆ. ಪೂರ್ತಿ ಸುಳ್ಳಾದವು ಕಡಿಮೆ. ಅರ್ಧ ನಿಜವಾದವೇ ಹೆಚ್ಚು, ದುಬಾರಿಯೂ ಅವೇ.

(ಕಲಂ ಸಂಖ್ಯೆಗಳನ್ನು 1961ರ ಆದಾಯ ತೆರಿಗೆ ಕಾಯ್ದೆಯ ಹಳೆಯ ರೂಢಿಯಲ್ಲೇ ಬರೆದಿದ್ದೇನೆ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಬಂದು ಸಂಖ್ಯೆಗಳೆಲ್ಲ ಬದಲಾದರೂ, ಬಾಯಲ್ಲಿ ಇನ್ನೂ 194ಸಿ, 44ಎಡಿಗಳೇ ಇವೆ.)

‘ಬ್ಯಾಂಕಿಗೆ ಬಿದ್ದದ್ದೇ ನನ್ನ ವಹಿವಾಟು’

ಸರ್ಕಾರಿ ಕೆಲಸ ಮಾಡುವವರಲ್ಲಿ ಈ ನಂಬಿಕೆಯಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಹತ್ತು ಲಕ್ಷದ ಒಂದು ಆರ್‌ಎ ಬಿಲ್ ತೆಗೆದುಕೊಳ್ಳಿ. ಮೇಲೆ 18% ಜಿಎಸ್‌ಟಿ ಸೇರಿ 11,80,000 ರೂಪಾಯಿ. ಗುತ್ತಿಗೆದಾರ ಸ್ವಂತ ಹೆಸರಿನಲ್ಲಿ ಕೆಲಸ ಮಾಡುವವನಾದರೆ ಇಲಾಖೆ ಆದಾಯ ತೆರಿಗೆ ಟಿಡಿಎಸ್ 1%, ಅಂದರೆ 10,000 ಹಿಡಿಯುತ್ತದೆ. ಎರಡೂವರೆ ಲಕ್ಷ ದಾಟಿದ ಗುತ್ತಿಗೆಯಾದ್ದರಿಂದ ಜಿಎಸ್‌ಟಿ ಟಿಡಿಎಸ್ 2%, ಅದು 20,000. ಲೇಬರ್ ಸೆಸ್ 1%, ಅದು 10,000. ಭದ್ರತಾ ಠೇವಣಿ 5% ಎಂದಿಟ್ಟುಕೊಂಡರೆ 50,000. ಸರಳವಾಗಲಿ ಎಂದು ಎಲ್ಲವನ್ನೂ ಹತ್ತು ಲಕ್ಷದ ಮೇಲೆಯೇ ಹಾಕಿದ್ದೇನೆ, ರಾಯಲ್ಟಿ ಕಡಿತವನ್ನು ಬಿಟ್ಟಿದ್ದೇನೆ. ಒಟ್ಟು 90,000 ಹೋಗಿ ಖಾತೆಗೆ ಬೀಳುವುದು 10,90,000.

ಇದನ್ನು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ಕೆಲವರು 10,90,000 ವಹಿವಾಟು ಎಂದು ಬರೆದುಬಿಡುತ್ತಾರೆ. ಅಂದರೆ ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯನ್ನೂ ತಮ್ಮ ಆದಾಯ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಜಿಎಸ್‌ಟಿಯ 1,80,000 ಕಳೆದು 9,10,000 ಎಂದು ತೋರಿಸುತ್ತಾರೆ. ಆಗ ಇಲಾಖೆ 26ಎಎಸ್‌ಗೆ ಕಳಿಸಿದ ಹತ್ತು ಲಕ್ಷಕ್ಕೂ ಇವರ ರಿಟರ್ನ್‌ಗೂ ತಾಳೆಯಾಗುವುದಿಲ್ಲ, ನೋಟಿಸ್ ಬರುತ್ತದೆ. ವಹಿವಾಟು ಹತ್ತು ಲಕ್ಷ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಆದಾಯ ತೆರಿಗೆ ಟಿಡಿಎಸ್ ಅದರ ಮೇಲೆ ಬೀಳಬಾರದು ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2017ರ 23ನೇ ಸುತ್ತೋಲೆಯಲ್ಲೇ ಹೇಳಿದೆ. ಹಾಗಿದ್ದೂ ಹಿಡಿದಿದ್ದರೆ ಕೇಳಿ.

ಕಡಿತವಾದ ತೊಂಬತ್ತು ಸಾವಿರವೂ ‘ಹೋಯಿತು’ ಎಂದು ಕೈಬಿಡುವಂಥದ್ದಲ್ಲ. ನಿಜವಾಗಿ ಖರ್ಚಾದದ್ದು ಸೆಸ್‌ನ ಹತ್ತು ಸಾವಿರ ಮಾತ್ರ. ಆದಾಯ ತೆರಿಗೆಯ ಹತ್ತು ಸಾವಿರ ವರ್ಷದ ತೆರಿಗೆಯಲ್ಲಿ ವಜಾ ಆಗುತ್ತದೆ. ಜಿಎಸ್‌ಟಿಯ ಇಪ್ಪತ್ತು ಸಾವಿರ ಪೋರ್ಟಲ್‌ನ ನಿಮ್ಮದೇ ನಗದು ಖಾತೆಗೆ ಬರುತ್ತದೆ, ಆದರೆ ನೀವು ಅಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ. ಹೀಗೆ ಒಪ್ಪಿಗೆ ಕೊಡದೆ ವರ್ಷಗಟ್ಟಲೆ ಬಿಟ್ಟ ಹಣದ ಲೆಕ್ಕ ತೆಗೆದರೆ ಹೊಟ್ಟೆ ಉರಿಯುತ್ತದೆ. ಠೇವಣಿಯ ಐವತ್ತು ಸಾವಿರ ದೋಷ ಹೊಣೆಯ ಅವಧಿ ಮುಗಿದ ಮೇಲೆ ವಾಪಸ್ ಬರಬೇಕಾದ ಹಣ. ‘ಬಂದಾಗ ಆದಾಯ ತೋರಿಸಿದರಾಯಿತು’ ಎನ್ನುವ ವಾದ ಇದಕ್ಕೆ ನಡೆಯುವುದಿಲ್ಲ. ಕೆಲಸ ಮುಗಿದ ಪ್ರಮಾಣಕ್ಕೆ ತಕ್ಕಂತೆ ಆದಾಯ ಲೆಕ್ಕ ಹಾಕುವಾಗ ಹಿಡಿದಿಟ್ಟ ಠೇವಣಿಯೂ ಸೇರಬೇಕು ಎಂದು 43ಸಿಬಿ ನೇರವಾಗಿ ಹೇಳುತ್ತದೆ. ತೆರಿಗೆಯನ್ನು ಮೊದಲೇ ಕಟ್ಟಿ, ಹಣ ಕೇಳುವುದನ್ನು ಮರೆಯುವವರೂ ಇದ್ದಾರೆ.

‘ಮೇಸ್ತ್ರಿಗೆ ಕೊಟ್ಟಾಯಿತು, ಆಳುಗಳ ಲೆಕ್ಕ ನನ್ನದಲ್ಲ’

ಶನಿವಾರ ಬಟವಾಡೆ. ಬ್ಯಾಂಕಿನಿಂದ ಲಕ್ಷವೋ ಒಂದೂವರೆ ಲಕ್ಷವೋ ತೆಗೆದು ಮೇಸ್ತ್ರಿ ಕೈಗಿಟ್ಟರೆ ಅವನು ಗಾರೆಯವರಿಗೆ, ಕಂಬಿಯವರಿಗೆ, ಹೆಣ್ಣಾಳುಗಳಿಗೆ ಹಂಚುತ್ತಾನೆ. ರೋಕಡಿಯಲ್ಲಿ ಒಂದೇ ಸಾಲು: ‘ಮೇಸ್ತ್ರಿಗೆ, ಕೂಲಿ ಬಾಬ್ತು.’

ಈ ಒಂದು ಸಾಲಿನಲ್ಲಿ ಮೂರು ತಕರಾರು ಅಡಗಿವೆ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅಷ್ಟೂ ಹಣವನ್ನು ಖರ್ಚೆಂದು ಆದಾಯ ತೆರಿಗೆ ಒಪ್ಪುವುದಿಲ್ಲ. ಅದೇ ಹಣ ಮೂವತ್ತು ಆಳುಗಳಿಗೆ ತಲಾ ನಾಲ್ಕೋ ಐದೋ ಸಾವಿರದಂತೆ ಹಂಚಿಕೆಯಾಗಿ, ಹಾಜರಿ ಪುಸ್ತಕದಲ್ಲಿ ಹೆಸರು, ದಿನ, ದರ, ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಆ ಕಲಂ ಕಾಡುವುದಿಲ್ಲ. ಹಣ ಅದೇ, ಕೈಯೂ ಅದೇ, ಪುಸ್ತಕ ಮಾತ್ರ ಬೇರೆ.

ಮೇಸ್ತ್ರಿ ಬರೀ ಹಂಚುವವನಲ್ಲ, ಚದರಕ್ಕಿಷ್ಟು ಎಂದು ತುಂಡು ಗುತ್ತಿಗೆ ಹಿಡಿದವನು ಅನ್ನುತ್ತೀರೋ? ಆಗ ಅವನು ಉಪಗುತ್ತಿಗೆದಾರ. ಒಂದು ಪಾವತಿ 30,000 ಅಥವಾ ವರ್ಷದ ಒಟ್ಟು ಒಂದು ಲಕ್ಷ ದಾಟಿದರೆ 194ಸಿ ಪ್ರಕಾರ 1% ಹಿಡಿಯಬೇಕು. ಅವನ ಪ್ಯಾನ್ ಇಲ್ಲದಿದ್ದರೆ 20%. ಹಿಂದಿನ ವರ್ಷ ಒಂದು ಕೋಟಿ ವಹಿವಾಟು ದಾಟದ ವ್ಯಕ್ತಿಗೆ ಮಾತ್ರ ಈ ಹೊಣೆಯಿಲ್ಲ. ಹಿಡಿಯದಿದ್ದರೆ ಆ ಖರ್ಚಿನ 30% ತಿರಸ್ಕೃತ. ತೆರಿಗೆಯವರ ಮುಂದೆ ‘ಹಂಚುವವನು’, ಪಿಎಫ್‌ನವರ ಮುಂದೆ ‘ಸ್ವತಂತ್ರ ಗುತ್ತಿಗೆದಾರ’ ಎಂದು ಎರಡು ಬಣ್ಣ ಬಳಿಯುವ ಜಾಣತನ ಬಹುಕಾಲ ನಡೆಯುವುದಿಲ್ಲ.

ಮೂರನೆಯದು ತಲೆ ಎಣಿಕೆ. ಪಿಎಫ್‌ಗೆ 20 ಜನ, ಇಎಸ್‌ಐಗೆ 10 ಜನ ಎಂಬ ಗಡಿಯನ್ನು ಗುತ್ತಿಗೆದಾರರು ತಮ್ಮ ಕಚೇರಿಯ ಹುಡುಗ, ಸೂಪರ್‌ವೈಸರ್, ಡ್ರೈವರ್ ಇಷ್ಟನ್ನೇ ಎಣಿಸಿ ದಾಟಿಲ್ಲ ಎನ್ನುತ್ತಾರೆ. ಮೇಸ್ತ್ರಿ ಮೂಲಕ ಬಂದ ಆಳೂ ಆ ಎಣಿಕೆಗೆ ಸೇರುತ್ತಾನೆ. ಮೇಸ್ತ್ರಿ ಕೂಲಿ ಕೊಡದೆ ಓಡಿಹೋದರೆ ಕೊಡಬೇಕಾದವರು ಕೆಲಸ ಕೊಟ್ಟವರೇ. ಇದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದಲೂ ಇದ್ದ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ನನ್ನನ್ನು ಕೇಳಿದರೆ ಕೂಲಿಯನ್ನು ನೇರ ಆಳಿನ ಖಾತೆಗೇ ಹಾಕುವುದು ಒಳ್ಳೆಯದು. ರಾಯಚೂರಿನವನಿರಲಿ, ಬಿಹಾರದವನಿರಲಿ, ಸೈಟಿನಲ್ಲಿ ಫೋನಿನಿಂದ ಹಣ ಪಡೆಯದವರು ಈಗ ಕಡಿಮೆ. ಮೇಸ್ತ್ರಿಗೆ ಇದು ಹಿಡಿಸುವುದಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತು.

‘ಲೇಬರ್ ಗುತ್ತಿಗೆಗೆ ಜಿಎಸ್‌ಟಿ ಇಲ್ಲ’

ಇದೆ. ವಿನಾಯಿತಿ ಇರುವುದು ಸಾಮಗ್ರಿ ಸೇರದ ಬರೀ ಕೂಲಿ ಗುತ್ತಿಗೆಗೆ. ಅದೂ ವಸತಿ ಸಮುಚ್ಚಯದ ಭಾಗವಲ್ಲದ ಒಂಟಿ ಮನೆಗೆ, ಮತ್ತು ಬಡವರ ಕೆಲವು ವಸತಿ ಯೋಜನೆಗಳಿಗೆ. ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಹಿಡಿದವರಿಗೆ, ಕಲ್ಯಾಣ ಮಂಟಪದ ಗಾರೆ ಹಿಡಿದವರಿಗೆ ಅದು ಸಿಗದು. ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು, ‘ನಲವತ್ತು ಲಕ್ಷದವರೆಗೆ ನೋಂದಣಿ ಬೇಡ’ ಎಂಬುದು. ನಲವತ್ತು ಲಕ್ಷ ಅಂಗಡಿಯವರ ಮಿತಿ. ಕಟ್ಟಡದ ಕೆಲಸ ಜಿಎಸ್‌ಟಿಯ ಕಣ್ಣಿಗೆ ಸೇವೆ. ಸಿಮೆಂಟು, ಕಂಬಿ, ಜಲ್ಲಿ ಎಲ್ಲ ನೀವೇ ತಂದರೂ ಅದು ಸೇವೆಯೇ. ಹಾಗಾಗಿ ಮಿತಿ 20 ಲಕ್ಷ. ಈಗಿನ ದರದಲ್ಲಿ ಸಾಮಗ್ರಿ ಸಮೇತ ಒಂದು ಸಾಧಾರಣ ಮನೆ ಕಟ್ಟಿದರೂ ಈ ಗಡಿ ದಾಟಿಹೋಗುತ್ತದೆ.

‘ಹಣ ಬಂದ ಮೇಲೆ ಜಿಎಸ್‌ಟಿ ಕಟ್ಟಿದರೆ ಸಾಕು’

ಇದು ಅರ್ಧ ನಿಜ. ಹಣ ಯಾವಾಗ ಕೊಡಬೇಕೆಂದು ಕರಾರಿನಿಂದ ಗೊತ್ತಾಗದಿದ್ದರೆ, ಹಣ ಕೈಸೇರುವ ಹೊತ್ತಿಗೆ ಇನ್‌ವಾಯ್ಸ್ ಮಾಡಬಹುದು. ‘ಪ್ಲಿಂತ್ ಮುಗಿದಾಗ ಇಷ್ಟು, ಮೋಲ್ಡ್ ಆದಾಗ ಇಷ್ಟು’ ಎಂದು ಹಂತ ಬರೆದ ಕರಾರಾದರೆ ಆ ಹಂತ ಮುಗಿದ ದಿನವೇ ಇನ್‌ವಾಯ್ಸ್ ಆಗಬೇಕು, ಹಣ ಬರಲಿ ಬಿಡಲಿ. ಬಿಲ್ ಬಾಕಿ ಉಳಿಸಿಕೊಂಡು ಸಾಲ ಮಾಡಿ ತೆರಿಗೆ ಕಟ್ಟುವವರ ಸಂಕಟ ನಿಜವಾದದ್ದೇ. ಆದರೆ ಅದರ ಬೀಜ ಎಷ್ಟೋ ಸಲ ಕರಾರಿನ ಆ ಒಂದು ಸಾಲಿನಲ್ಲಿರುತ್ತದೆ, ಸಹಿ ಹಾಕುವ ಮುಂಚೆ ಅದನ್ನು ಯಾರೂ ಓದಿರುವುದಿಲ್ಲ.

ಮುಂಗಡದ ವಿಷಯ ತಿರುವುಮುರುವು. ಕೆಲಸ ಶುರುವಾಗುವ ಮೊದಲೇ ಬಂದ ಮುಂಗಡಕ್ಕೆ ಜಿಎಸ್‌ಟಿ ತಕ್ಷಣ ಬೀಳುತ್ತದೆ, ಆದಾಯ ತೆರಿಗೆಗೆ ಅದು ಕೆಲಸ ನಡೆಯುವವರೆಗೆ ಆದಾಯವೇ ಅಲ್ಲ.

‘8% ತೋರಿಸಿದರೆ ಪುಸ್ತಕವೇ ಬೇಡ’

44ಎಡಿ ಒಳ್ಳೆಯ ಸೌಲಭ್ಯ. ಎರಡು ಕೋಟಿವರೆಗೆ, ನಗದು ವಸೂಲಿ 5% ಮೀರದಿದ್ದರೆ ಮೂರು ಕೋಟಿವರೆಗೆ, ನಗದಿಗೆ 8%, ಬ್ಯಾಂಕಿನಲ್ಲಿ ಬಂದದ್ದಕ್ಕೆ 6% ಲಾಭ ತೋರಿಸಿದರೆ ಆದಾಯ ತೆರಿಗೆ ಪುಸ್ತಕ ಕೇಳುವುದಿಲ್ಲ. ಕಂಪನಿಗೂ ಎಲ್‌ಎಲ್‌ಪಿಗೂ ಇದು ಸಿಗದು. ಒಮ್ಮೆ ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಸಿಗದು. ಆದರೆ ಜಿಎಸ್‌ಟಿ ಕಾಯ್ದೆಗೆ 44ಎಡಿ ಏನೆಂದೇ ಗೊತ್ತಿಲ್ಲ. ಅದು ಕೇಳುವ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಜೋಪಾನ ಮಾಡಲೇಬೇಕು. ಇನ್ನೊಂದು ಮಾತು: ನಿಜವಾಗಿ 3% ಉಳಿದಿರುವ ಸೈಟಿಗೆ 8% ತೋರಿಸಿ ತೆರಿಗೆ ಕಟ್ಟುತ್ತಿದ್ದೀರೋ ಎಂಬುದು ಗೊತ್ತಾಗಲಾದರೂ ಪುಸ್ತಕ ಬೇಡವೇ?

‘ಸಿಮೆಂಟಿಗೆ ಕೊಟ್ಟ ಜಿಎಸ್‌ಟಿ ಎಲ್ಲ ವಾಪಸ್’

ಬೇರೆಯವರಿಗೆ ಕಟ್ಟುವ ಕಟ್ಟಡವಾದರೆ ವಜಾ ಸಿಗುತ್ತದೆ. ನಿಮ್ಮದೇ ಗೋದಾಮು, ಕಚೇರಿ ಕಟ್ಟಿಕೊಂಡರೆ ಸಿಗದು. ಅಂಗಡಿಯವನು ರಿಟರ್ನ್ ಹಾಕಿ ಆ ಬಿಲ್ ನಿಮ್ಮ 2ಬಿಯಲ್ಲಿ ಕಾಣಿಸಬೇಕು, ಇನ್‌ವಾಯ್ಸ್‌ನ 180 ದಿನದೊಳಗೆ ನೀವು ಅವನಿಗೆ ಹಣ ಕೊಟ್ಟಿರಬೇಕು. ಸಾಲದ ಮೇಲೆ ಕಂಬಿ ಎತ್ತುವವರು ಮರೆಯುವುದು ಇದನ್ನೇ.

‘ಸೆಸ್ ಹಿಡಿದಿದ್ದಾರೆ, ಆಳುಗಳಿಗೆ ಸರ್ಕಾರ ನೋಡಿಕೊಳ್ಳುತ್ತದೆ’

ಸೆಸ್ ಹೋಗುವುದು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ. ಸೆಸ್ ಕಟ್ಟಿದ ಮಾತ್ರಕ್ಕೆ ನಿಮ್ಮ ಸೈಟಿನ ಯಾರ ಹೆಸರೂ ಅಲ್ಲಿ ದಾಖಲಾಗುವುದಿಲ್ಲ, ಪಿಎಫ್, ಇಎಸ್‌ಐ ಹೊಣೆಯೂ ತಪ್ಪುವುದಿಲ್ಲ. 18ರಿಂದ 60 ವರ್ಷದೊಳಗಿನ ಆಳು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು ತಾನೇ ನೋಂದಾಯಿಸಿಕೊಳ್ಳಬೇಕು. ಆ ದಾಖಲೆಗೆ ಇರುವ ದಾರಿಗಳಲ್ಲಿ ಗುತ್ತಿಗೆದಾರ ಕೊಡುವ ಉದ್ಯೋಗ ದೃಢೀಕರಣ ಪತ್ರವೂ ಒಂದು. ಹಾಜರಿ ಪುಸ್ತಕ ಇಟ್ಟವನಿಗೆ ಅದು ಐದು ನಿಮಿಷದ ಕೆಲಸ. ಇಡದವನು ಯಾವ 90 ದಿನಕ್ಕೆಂದು ಸಹಿ ಹಾಕಿಯಾನು?